ಮೊಳ ಮೊಳವಾಗಿ ನಡೆದ ಬಿಳಿಪಟ್ಟೆ

ಹೋದ ವಾರ ಅಂಗಡಿಯ ಶಟರಿಗೆ ಬಣ್ಣ ಹೊಡೆಸಿದೆ. ಬಣ್ಣ ಹೊಡೆಸುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಡಬ್ಬಿಯ ಮುಚ್ಚಳವನ್ನು ನಿಮ್ಮ ಕಣ್ಣೆದುರೇ ತೆಗೆಸಿ, ಟರ್ಪೆಂಟೈನನ್ನೂ ನಿಮ್ಮ ಕಣ್ಣೆದುರೇ ಸುರಿಸಿ. ನೀವು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ಬಣ್ಣ ಮಜ್ಜಿಗೆಯಾಗಿರುತ್ತದೆ. ನಾನು ಸ್ಟೂಲು ಹಾಕಿಕೊಂಡು ಅಲ್ಲೇ ಕೂತಿದ್ದೆ. ಪೇಂಟರು ಮುಚ್ಚಳ ಮೀಟಿದ, ಟರ್ಪೆಂಟೈನ್ ಸುರಿದ, ಕಡ್ಡಿಯಿಂದ ಕಲಕಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಡುರಸ್ತೆಯಿಂದ ಯಾರೋ "ಅಂಗಡಿಯಮ್ಮಾ, ಚಿಂದಿ ಕೊಡ್ರೀ!" ಎಂದು ಕೂಗಿದಂತಾಯಿತು. ತಿರುಗಿಯೂ ನೋಡಿದೆ. ಯಾರಿದ್ದಾರೆ... ಮೇಸ್ತ್ರಿ ಹೋಗಿ ಎಷ್ಟು ಕಾಲವಾಯಿತು!

ರಸ್ತೆಗೆ ಬಿಳಿಪಟ್ಟೆ ಬಳಿಯುವ ಗ್ಯಾಂಗಿನ ಮೇಸ್ತ್ರಿ ಅವರು. ಎಂಬತ್ತರ ದಶಕದ ಆರಂಭದಲ್ಲಿ ಆರ್.ಟಿ. ನಗರದಲ್ಲಿ ನಾನು ಬ್ಲೌಸ್ ಪೀಸಿನ ಪುಟ್ಟ ಅಂಗಡಿ ತೆರೆದಿದ್ದೆ. ಅದಕ್ಕೂ ಮುಂಚೆ ಬಟ್ಟೆಯ ಗಂಟು ಹೊತ್ತು ಮನೆಮನೆ ತಿರುಗಿದವಳು ನಾನು. ಹಾಗಾಗಿ ಅಂಗಡಿಯ ಮುಂದೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ, ಯಾರ ಕೈಯಲ್ಲಿ ಸೀರೆಯ ಚೀಲ ಇದೆ ಎಂಬುದರ ಮೇಲೆ ಸದಾ ಒಂದು ಕಣ್ಣು ಇರುತ್ತಿತ್ತು. ಒಂದು ಭಾನುವಾರ ಬೆಳಗ್ಗೆ ಖಾಕಿ ಚಡ್ಡಿಯ ಮೂರ್ನಾಲ್ಕು ಜನ ಕೈಗಾಡಿ ತಳ್ಳಿಕೊಂಡು ಬಂದರು. ಅವರ ಮುಂದೆ ಚೌಕಳಿ ಲುಂಗಿಯನ್ನು ಮೇಲಕ್ಕೆ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ, ಕುಂಚವನ್ನು ಕತ್ತಿಯ ಹಾಗೆ ಹಿಡಿದ ಒಬ್ಬರು. ಗಡ್ಡದ ತುಂಬ ಬಿಳಿ ಚುಕ್ಕೆ. ಯಾವುದು ಬಣ್ಣ, ಯಾವುದು ವಯಸ್ಸು, ತಿಳಿಯುತ್ತಿರಲಿಲ್ಲ. ನೇರ ನನ್ನ ಅಂಗಡಿಗೆ ಬಂದರು.

"ಅಮ್ಮಾ, ನಿಮ್ದು ಬಟ್ಟೆ ಅಂಗಡಿ. ಚಿಂದಿ ಇರ್ತದೆ. ಕುಂಚ ಒರ್ಸೋಕೆ ಕೊಡಿ."

"ಸುಮ್ನೆ ಯಾಕೆ ಕೊಡ್ಲಿ? ನಿಮ್ಮೋರು ಹೆಂಗಿದ್ರೂ ರಸ್ತೆ ಗುಡಿಸ್ತಾರೆ. ನನ್ ಅಂಗಡಿ ಮುಂದೇನೂ ಗುಡಿಸ್ಲಿ, ಕೊಡ್ತೀನಿ."

ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಗುಡಿಸ್ತಾರೆ. ಆದ್ರೆ ಹತ್ತಿ ಬಟ್ಟೆದೇ ಚಿಂದಿ ಬೇಕು. ನೈಲಾನ್ ಕೊಟ್ರೆ ಕಸ ವಾಪಸ್ ಸುರೀತೀನಿ."

ಅಬ್ಬಾ, ನನಗೆ ಸರಿಜೋಡಿ ಸಿಕ್ಕಿತು ಎಂದುಕೊಂಡೆ! ಆವತ್ತಿನಿಂದ ನಮ್ಮಿಬ್ಬರ ಚೌಕಾಸಿ ನಿಲ್ಲಲೇ ಇಲ್ಲ. ಮೇಸ್ತ್ರಿ ನಾಲ್ವರು ಹೆಣ್ಣುಮಕ್ಕಳ ತಂದೆ. ರಂಜಾನ್ ಹತ್ತಿರ ಬಂತೆಂದರೆ ಬಟ್ಟೆಗೆ ನನ್ನಲ್ಲಿಗೇ ಬರುತ್ತಿದ್ದರು. ಅವರಿಗೆ ಬಟ್ಟೆ ಮಾರುವ ಹೊತ್ತಿಗೆ ನನ್ನ ಗಂಟಲು ಒಣಗುತ್ತಿತ್ತು. ಕೊನೆಗೆ ಇಬ್ಬರೂ ನಗುತ್ತಿದ್ದೆವು. ವ್ಯಾಪಾರಕ್ಕೆ ಬರುವ ಹೊಸಬರಿಗೆ ಇದನ್ನೇ ಹೇಳುತ್ತೇನೆ: ಚೌಕಾಸಿ ಮಾಡುವ ಗಿರಾಕಿಯನ್ನು ಬೈಯಬೇಡಿ, ಅವರು ಮತ್ತೆ ಬರುತ್ತಾರೆ. ಕೇಳಿದಷ್ಟು ಕೊಟ್ಟು ಹೋದವರು ಬರುವುದಿಲ್ಲ.

ರಸ್ತೆಯ ಪಟ್ಟೆಯನ್ನು ಒಂದು ಸಲ ಬಳಿದರೆ ಮುಗಿಯಿತು ಎಂದು ನಾನು ತಿಳಿದಿದ್ದೆ. ಅಲ್ಲವೇ ಅಲ್ಲ! ಮಳೆ ನಿಂತ ಮೇಲೆ ಒಂದು ಸಲ, ಮಳೆ ಬರುವ ಮುಂಚೆ ಒಂದು ಸಲ, ಗ್ಯಾಂಗು ಬರಬೇಕು. ತೆಂಗಿನ ಪೊರಕೆಯಿಂದ ಗುಡಿಸಬೇಕು, ಅಂಟಿದ ಸಗಣಿ ಮಣ್ಣನ್ನು ಕಬ್ಬಿಣದ ಪಟ್ಟಿಯಿಂದ ಕೆರೆಯಬೇಕು. ಸುಣ್ಣದಲ್ಲಿ ಹೊರಳಿಸಿದ ದಾರವನ್ನು ರಸ್ತೆಯ ಈ ಬದಿಯಿಂದ ಆ ಬದಿಗೆ ಎಳೆದು, ನಡುವೆ ಹಿಡಿದು ಟಪ್ಪೆಂದು ಬಿಟ್ಟರೆ ಟಾರಿನ ಮೇಲೆ ಬೆಳ್ಳಗೆ ಗೆರೆ ಮೂಡುತ್ತದೆ. ಆ ಗೆರೆಗೆ ತಗಡಿನ ಅಚ್ಚು ಹೊಂದಿಸಿ ಬಣ್ಣ ಬಳಿಯಬೇಕು. ಒಣಗುವ ತನಕ ಕಲ್ಲು, ಟಾರಿನ ಡ್ರಮ್ಮು, ಹೊಂಗೆಯ ಕೊಂಬೆ ಅಡ್ಡ ಇಟ್ಟು ಕಾಯಬೇಕು. ಸೈಕಲ್ಲಿನವರು ತಪ್ಪಿಸಿಕೊಂಡು ಹೋಗುತ್ತಿದ್ದರು. ಎಮ್ಮೆಗಳು ಮಾತ್ರ ಹೊಂಗೆ ಸೊಪ್ಪನ್ನು ಮೂಸಿ ನೋಡಿ, ಅಡ್ಡ ಇಟ್ಟದ್ದನ್ನೆಲ್ಲ ಕೆಡವಿ ಪಟ್ಟೆಯ ಮೇಲೇ ನಡೆಯುತ್ತಿದ್ದವು. ಆಗ ಮೇಸ್ತ್ರಿ ಬೈಯುವ ಬೈಗುಳ ಕೇಳಲಿಕ್ಕೆಂದೇ ಬಸ್ಸಿಗೆ ನಿಂತವರು ಬಸ್ಸು ಬಿಡುತ್ತಿದ್ದುದುಂಟು!

ಈಗ ವಿಷಯಕ್ಕೆ ಬರುತ್ತೇನೆ. ಬಸ್ ಸ್ಟಾಪ್ ಮೊದಲು ನನ್ನ ಅಂಗಡಿಯಿಂದ ನಾಲ್ಕು ಅಂಗಡಿ ಆಚೆ, ಹಿಟ್ಟಿನ ಗಿರಣಿಯ ಮುಂದೆ ಇತ್ತು. ಜನ ರಸ್ತೆ ದಾಟುವ ಜೀಬ್ರಾ ಪಟ್ಟೆಯನ್ನೂ ಅಲ್ಲೇ ಬಳಿದಿದ್ದರು. ಆಮೇಲೆ ಗಿರಣಿ ಮುಚ್ಚಿತು, ಅದರ ಮುಂದಿನ ಚರಂಡಿ ಕುಸಿಯಿತು, ಬಸ್ ಸ್ಟಾಪ್ ನನ್ನ ಅಂಗಡಿಯ ಮುಂದಕ್ಕೆ ಬಂತು. ಆದರೆ ಪಟ್ಟೆ ಬರಲಿಲ್ಲ! ವರ್ಷಕ್ಕೆ ಎರಡು ಸಲ ಮೇಸ್ತ್ರಿ ಬಂದು, ಯಾರೂ ದಾಟದ ಜಾಗದಲ್ಲಿ, ಬೀಗ ಬಿದ್ದ ಗಿರಣಿಯ, ಕುಸಿದ ಚರಂಡಿಯ ಮುಂದೆ, ಹಾಲಿನಂಥ ಪಟ್ಟೆ ಬಳಿದು ಹೋಗುತ್ತಿದ್ದರು. ಇಲ್ಲಿ ಬಸ್ಸಿಳಿದ ಜನ ಲಾರಿ, ಆಟೋಗಳ ನಡುವೆ ಓಡುತ್ತಿದ್ದರು.

"ಏನ್ ಮೇಸ್ತ್ರೀ, ಅಲ್ಲಿ ಯಾರು ದಾಟ್ತಾರೆ? ದೆವ್ವಗಳಾ?" ಎಂದು ಕೇಳಿದೆ.

"ನಾನೇನ್ ಮಾಡ್ಲಿ ಅಮ್ಮಾ? ಇದ್ದ ಪಟ್ಟೆ ಮೇಲೆ ಬಳಿದ್ರೆ ಅದು ರಿಪೇರಿ. ನಾನೇ ಮಾಡ್ಬೋದು, ಯಾರೂ ಕೇಳಲ್ಲ. ಇಲ್ದೇ ಇರೋ ಕಡೆ ಬಳಿದ್ರೆ ಅದು ಹೊಸ ಕೆಲ್ಸ. ಅದಕ್ಕೆ ಮೀಟಿಂಗ್ ಆಗ್ಬೇಕು, ಇಂಜಿನಿಯರ್ ಬರ್ಬೇಕು, ಪೊಲೀಸ್ನೋರು ಹೂಂ ಅನ್ಬೇಕು."

ಸರಿ, ವಾರ್ಡ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆ. ಮುಂದಿನ ಮೀಟಿಂಗಿನಲ್ಲಿ ಇಡುತ್ತೇವೆ ಎಂದರು. ಆ ಮುಂದಿನ ಮೀಟಿಂಗು ಯಾವಾಗಲೂ ಮುಂದಿನದೇ ಆಗಿತ್ತು.

ನನ್ನ ಅಂಗಡಿಯ ಮೆಟ್ಟಿಲಿನ ಪಕ್ಕ ಒಬ್ಬ ಅಜ್ಜಿ ಸೊಪ್ಪು ಮಾರುತ್ತಿದ್ದಳು. ತಣಿಸಂದ್ರದ ಕಡೆಯವಳು. ಆಗ ಅಲ್ಲೆಲ್ಲ ಹೊಲ, ತೋಟ. ಬೆಳಗಿನ ಬಸ್ಸಿನಲ್ಲಿ ದಂಟು, ಮೆಂತ್ಯ, ಸಬ್ಬಸಿಗೆಯ ಕುಕ್ಕೆ ತಂದು ಎದುರಿನ ಬದಿಯಲ್ಲಿ ಇಳಿದು, ತಲೆಯ ಮೇಲೆ ಹೊತ್ತು ಈ ಬದಿಗೆ ದಾಟುತ್ತಿದ್ದಳು. ತುಂಬಿದ ಕುಕ್ಕೆ ತಲೆಯ ಮೇಲಿದ್ದರೆ ಕತ್ತು ತಿರುಗಿಸಲಾಗುವುದಿಲ್ಲ. ಗಂಟು ಹೊತ್ತವಳಾದ ನನಗೆ ಅದು ಗೊತ್ತು. ಮುಂದೆ ಮಾತ್ರ ಕಾಣುತ್ತದೆ, ಎಡಕ್ಕೆ ಬಲಕ್ಕೆ ಏನು ಬರುತ್ತಿದೆಯೋ ಕಿವಿಯಲ್ಲಿ ಕೇಳಿಯೇ ತಿಳಿಯಬೇಕು. ಅಜ್ಜಿಗೆ ಕಿವಿಯೂ ಮಂದ.

ಒಂದು ದಿನ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗಲೇ ಆಯಿತು. ಸ್ಕೂಟರೊಂದು ಬಂದು ಅಜ್ಜಿಗೆ ತಗುಲಿತು. ಪುಣ್ಯ, ಮೊಣಕೈ ತರಚಿತು ಅಷ್ಟೆ. ಸೊಪ್ಪೆಲ್ಲ ರಸ್ತೆಯ ತುಂಬ ಹರಡಿತು, ಅದರ ಮೇಲೆ ಒಂದು ಬಸ್ಸು ಹೋಯಿತು. ಆವತ್ತು ಮೇಸ್ತ್ರಿಯ ಗ್ಯಾಂಗು ಗಿರಣಿಯ ಮುಂದೆ ಕೆಲಸದಲ್ಲಿತ್ತು. ಎಲ್ಲರಿಗಿಂತ ಮೊದಲು ಓಡಿ ಬಂದವರು ಅವರೇ. ಅಜ್ಜಿಯನ್ನು ನನ್ನ ಮೆಟ್ಟಿಲ ಮೇಲೆ ಕೂರಿಸಿದರು.

"ಅಜ್ಜೀ, ಪಟ್ಟೆ ಅಲ್ಲೈತಲ್ಲ! ಅಲ್ಲಿ ಯಾಕೆ ದಾಟಲ್ಲ ನೀವು?"

"ಬಸ್ಸು ಇಲ್ಲಿ ಇಳಿಸ್ತದೆ, ನಾನು ಅಲ್ಲೀಗಂಟ ಯಾಕ್ ಓಗ್ಲಪ್ಪಾ ಒರೆ ಒತ್ಕೊಂಡು? ನಿನ್ ಪಟ್ಟೇನ ಇಲ್ಲಿಗೆ ಕರ್ಕೊಂಡ್ ಬಾ."

ಮೇಸ್ತ್ರಿ ಗಿರಣಿಯ ಕಡೆ ತಿರುಗಿ ತಾವೇ ಬಳಿದ ಪಟ್ಟೆಯನ್ನು ನೋಡಿದರು.  ತಡ ಮಾಡಬಾರದು ಎಂದುಕೊಂಡು ಅಲ್ಲೇ ಹಿಡಿದೆ. "ಕರ್ಕೊಂಡ್ ಬನ್ನಿ ಮೇಸ್ತ್ರಿ. ಒಂದೇ ಸಲ ಬೇಡ, ಮೊಳ ಮೊಳವಾಗಿ."

ನನ್ನ ಸ್ವಂತ ಅನುಭವದ ಮಾತದು. ಅಂಗಡಿಯ ಸ್ಟೂಲನ್ನು ಏಕಾಏಕಿ ಹೊರಗಿಟ್ಟರೆ ಇಡೀ ಬೀದಿ ಜಗಳಕ್ಕೆ ಬರುತ್ತದೆ, ದಿನಕ್ಕೊಂದು ಅಂಗುಲ ಸರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜೀಬ್ರಾ ಪಟ್ಟೆಗಳು ರಸ್ತೆಯ ಉದ್ದಕ್ಕೇ ಮಲಗಿರುತ್ತವಲ್ಲ, ಪ್ರತಿ ಪಟ್ಟೆಯ ನನ್ನ ಅಂಗಡಿಯ ಕಡೆಯ ತುದಿಗೆ ಒಂದಿಷ್ಟು ಬಣ್ಣ ಹೆಚ್ಚಿಗೆ ಬಳಿಯುವುದು, ಆ ತುದಿಯಲ್ಲಿ ಅಷ್ಟನ್ನು ಬಳಿಯದೆ ಬಿಡುವುದು. ಬಿಟ್ಟದ್ದು ಟೈರಿಗೆ ಸಿಕ್ಕಿ ಮಾಸುತ್ತದೆ. ಮುಂದಿನ ಸಲ ಇನ್ನಷ್ಟು. ಯಾವಾಗ ನೋಡಿದರೂ ಇದ್ದ ಪಟ್ಟೆಯ ಮೇಲೇ ಬಳಿದಂತೆ. ರಿಪೇರಿಯೇ, ಹೊಸ ಕೆಲಸವಲ್ಲ!

ಮೇಸ್ತ್ರಿ ಹೌಹಾರಿದರು. "ತೋಬಾ ತೋಬಾ! ರಿಟೈರ್ ಆಗೋಕೆ ಸ್ವಲ್ಪ ವರ್ಷ ಐತೆ. ಇಬ್ರು ಹೆಣ್ಮಕ್ಳದು ಮದ್ವೆ ಬಾಕಿ. ನಂದು ಪಿಂಚಣಿ ಹೋದ್ರೆ ನಿಮ್ದು ಅಂಗಡಿ ಕೊಡ್ತದಾ?"

"ಒಂದ್ಸಲಕ್ಕೆ ಆರು ಮೊಳ ಸರಿಸಿ, ಬೇಗ ಮುಗಿಯುತ್ತೆ."

"ಆರು ಮೊಳ! ಹುಚ್ಚಾ ನಿಮ್ಗೆ? ಕುರುಡನಿಗೂ ಕಾಣ್ತದೆ. ಒಂದು ಮೊಳ."

ನಾನು ಒಳಗೊಳಗೇ ಕುಣಿದೆ. ಒಂದು ಮೊಳ ಎಂದರಲ್ಲ, ಅಂದರೆ ಒಪ್ಪಿದರು ಎಂದೇ ಅರ್ಥ! ಎದುರಿನವರು ತಮ್ಮ ಲೆಕ್ಕ ಹೇಳಿದ ಕ್ಷಣ ವ್ಯಾಪಾರ ಕುದುರಿತು, ಉಳಿದದ್ದು ಬರೀ ಎಳೆದಾಟ. ನಾನು ಐದಕ್ಕಿಳಿದೆ. ಅವರು ಅಜ್ಜಿಯ ತರಚಿದ ಮೊಣಕೈ ನೋಡಿ ಎರಡಕ್ಕೇರಿದರು. ಕೊನೆಗೆ ಮೂರು ಮೊಳಕ್ಕೆ ನಿಂತಿತು. ಅಜ್ಜಿ ನಮ್ಮಿಬ್ಬರ ಮುಖವನ್ನೂ ನೋಡಿ, "ಏನವ್ವಾ, ಊವ ಅಳೀತಾ ಇದ್ದೀರಾ?" ಎಂದಳು.

ಅಲ್ಲಿಂದ ಶುರುವಾಯಿತು ನೋಡಿ! ಆವತ್ತೇ ಮೊದಲ ಮೂರು ಮೊಳ. ನಾನು ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮೇಸ್ತ್ರಿ ಏನೂ ಆಗದವರಂತೆ ಅಚ್ಚನ್ನು ಕಾಲಿನಿಂದಲೇ ಸರಿಸಿದರು, ಬಳಿದರು. ಬಿಟ್ಟ ತುದಿಯ ಮೇಲೆ ಒಂದು ಬುಟ್ಟಿ ಮಣ್ಣು ಎರಚಿ, ನನ್ನ ಕಡೆ ತಿರುಗಿ ಕುಂಚ ಎತ್ತಿ ತೋರಿಸಿದರು. ಯಾರಿಗೂ ಗೊತ್ತಾಗಲಿಲ್ಲ. ಮಳೆ ಕಳೆದ ಮೇಲೆ ಮತ್ತೆ ಮೂರು ಮೊಳ. ಬೇಸಿಗೆಯ ಕೊನೆಗೆ ಇನ್ನೂ ಮೂರು. ಪಟ್ಟೆ ನಡೆಯತೊಡಗಿತ್ತು!

ಹೀಗೆ ಮೂರ್ನಾಲ್ಕು ವರ್ಷ. ಗುಟ್ಟು ನಮ್ಮ ಸಾಲಿನ ಅಂಗಡಿಗಳಿಗೆ ಮಾತ್ರ ಗೊತ್ತು. ಪಟ್ಟೆ ಸೈಕಲ್ ಶಾಪಿನ ಮುಂದೆ ಬಂದಾಗ ಶಾಪಿನವನು ಹಿಗ್ಗಿ ಹೀರೇಕಾಯಿಯಾದ. ದಾಟುವವರೆಲ್ಲ ತನ್ನ ಅಂಗಡಿಗೇ ಬರುತ್ತಾರೆಂದು ಹೊಸ ಬೋರ್ಡು ಬರೆಸಿದ. ಪಟ್ಟೆ ಮುಂದಕ್ಕೆ ಹೋದಾಗ ನನ್ನ ಜೊತೆ ಮಾತು ಬಿಟ್ಟ. ನನ್ನ ಪಕ್ಕದ ಬೇಕರಿಯವನಂತೂ ಇನ್ನೂ ಜಾಣ. ಪಟ್ಟೆ ಅವನ ಬಾಗಿಲ ಮುಂದೆ ಬಂದ ದಿನ ಇಡೀ ಗ್ಯಾಂಗಿಗೆ ಬೆಣ್ಣೆ ಬನ್ನು, ಚಹಾ ಕೊಟ್ಟು, "ಭಾಯ್, ಇಲ್ಲೇ ನಿಲ್ಲಿಸ್ಬಿಡಿ, ಜಾಗ ಚೆನ್ನಾಗಿದೆ" ಎಂದ. ಮೇಸ್ತ್ರಿ ಬನ್ನು ಮುಗಿಸಿ, ಗಡ್ಡಕ್ಕಂಟಿದ ಚೂರು ಒರೆಸಿಕೊಂಡು, "ಬನ್ನು ನಿಲ್ತು ಹೊಟ್ಟೇಲಿ. ಪಟ್ಟೆ ನಿಲ್ಲಲ್ಲ" ಎಂದರು.

ಇನ್ನೊಂದೇ ಅಂಗಡಿ ಬಾಕಿ ಇತ್ತು. ಇನ್ನೆರಡು ಸಲ ಬಳಿದರೆ ನೇರ ಬಸ್ ಸ್ಟಾಪಿಗೆ! ಮೇಸ್ತ್ರಿಯ ನಿವೃತ್ತಿಗೂ ಅಷ್ಟೇ ಸಮಯ ಇತ್ತು. ಹೋಗುವಷ್ಟರಲ್ಲಿ ಮುಟ್ಟಿಸಿಬಿಡುತ್ತೇನೆ ಎಂದು ಅವರೂ ಹುರುಪಿನಲ್ಲಿದ್ದರು. ಆಗಲೇ ನಮ್ಮ ರಸ್ತೆಗೆ ಹೊಸ ಟಾರು ಬಂತು.

ಹೊಸ ಟಾರು ಬಂದರೆ ಯಾರಿಗಾದರೂ ಸಂತೋಷವೇ. ನನಗೆ ಮಾತ್ರ ಆಗಲಿಲ್ಲ. ರೋಲರು ಒಂದು ಸಲ ಹೋಗಿ ಬಂದದ್ದೇ ತಡ, ನಾಲ್ಕು ವರ್ಷ ನಡೆದ ಪಟ್ಟೆ ಕಪ್ಪಿನ ಅಡಿಗೆ ಹೋಯಿತು. ಗುರುತೇ ಇಲ್ಲ. ಗುರುತಿಲ್ಲದಿದ್ದರೆ ರಿಪೇರಿಯೂ ಇಲ್ಲ. ಕೆಲವು ದಿನಗಳ ಮೇಲೆ ಭಾನುವಾರ ಗ್ಯಾಂಗು ಬಂದಾಗ ಜೊತೆಗೆ ಇಂಜಿನಿಯರೂ ಬಂದರು. ಹೊಸಬರು, ಚಿಕ್ಕ ವಯಸ್ಸು, ಕಂಕುಳಲ್ಲಿ ಸುತ್ತಿದ ನಕ್ಷೆ. ಬಿಚ್ಚಿ ನೋಡಿ, ಮುಚ್ಚಿದ ಗಿರಣಿಯ ಕಡೆ ಕೈ ತೋರಿಸಿದರು. "ಜೀಬ್ರಾ ಅಲ್ಲಿ. ಶುರು ಮಾಡಿ."

ಮೇಸ್ತ್ರಿಯ ಮುಖ ನೋಡಬೇಕಿತ್ತು! ನಾನು ಮೆಟ್ಟಿಲಿಳಿದು ಓಡಿದೆ. "ಸಾರ್, ಅಲ್ಲಿರಲಿಲ್ಲ ಸಾರ್! ಬೇಕರಿ ಮುಂದೆ ಇತ್ತು. ಇಡೀ ಬೀದಿ ಸಾಕ್ಷಿ."

"ನೋಡೀಮ್ಮಾ, ನಕ್ಷೇಲಿ ಅಲ್ಲೇ ಇದೆ. ಬೇಕರಿ ಮುಂದೆ ಇತ್ತು ಅನ್ನೋಕೆ ಏನಾದ್ರೂ ಗುರುತಿದೆಯಾ?"

"ಐತೆ ಸಾರ್!" ಎಂದರು ಮೇಸ್ತ್ರಿ, ಮಗುವಿನಂತೆ ಅರಳಿ. "ಕಲ್ಲು ಮೇಲೆ ಐತೆ!"

ಸುಣ್ಣದ ದಾರ ಕಟ್ಟಲು ಚರಂಡಿಯ ಅಂಚಿನ ಕಲ್ಲಿನ ಸಂದಿಯಲ್ಲಿ ಮೊಳೆ ಹೊಡೆಯುತ್ತಿದ್ದರು. ಮುಂದಿನ ಸಲ ಹುಡುಕಲು ಸುಲಭವಾಗಲಿ ಎಂದು ಆ ಮೊಳೆಯ ಮೇಲೆ ಕಲ್ಲಿಗೆ ಒಂದು ಬಿಳಿ ಬೊಟ್ಟು ಇಡುತ್ತಿದ್ದರು. ಪಟ್ಟೆ ಬಳಿಯುವ ಗ್ಯಾಂಗುಗಳೆಲ್ಲ ಮಾಡುವ ಕೆಲಸವೇ ಅದು. ಟಾರು ರಸ್ತೆಯನ್ನು ಮುಚ್ಚಿತ್ತು, ಕಲ್ಲನ್ನು ಮುಚ್ಚಿರಲಿಲ್ಲ. ಮೇಸ್ತ್ರಿ ಇಂಜಿನಿಯರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋಗಿ, ಬೇಕರಿಯ ಮುಂದಿನ ಬೊಟ್ಟಿಗೆ ಬೆರಳಿಟ್ಟು ತೋರಿಸಿದರು.

ಇಂಜಿನಿಯರು ಬಗ್ಗಿ ನೋಡಿದರು. ಆಮೇಲೆ ತುಸು ಎಡಕ್ಕೆ ನೋಡಿದರು. ಅಲ್ಲೂ ಒಂದು ಬೊಟ್ಟು. ಅದರಾಚೆ ಇನ್ನೊಂದು. ಒಂದೊಂದೂ ಹಿಂದಿನದಕ್ಕಿಂತ ಮಾಸಲು. ಮೇಸ್ತ್ರಿ ಪ್ರತಿ ಸಲವೂ ಹೊಸ ಬೊಟ್ಟು ಇಟ್ಟಿದ್ದರು, ಹಳೆಯದನ್ನು ಒಂದು ಸಲವೂ ಕೆರೆದು ಹಾಕಿರಲಿಲ್ಲ! ರಸ್ತೆಯ ಮೇಲೆ ಮಣ್ಣು ಎರಚಿ ಅಷ್ಟು ಹುಷಾರಾಗಿ ಮುಚ್ಚಿದ್ದೆಲ್ಲ ಕಲ್ಲಿನ ಮೇಲೆ ಸಾಲಾಗಿ, ಗಿರಣಿಯಿಂದ ಬೇಕರಿಯ ತನಕ, ಮಗ್ಗಿ ಬರೆದಂತೆ ಕೂತಿತ್ತು. ನನಗೂ ಅದು ಕಂಡದ್ದು ಆಗಲೇ. 

ಇಂಜಿನಿಯರು ಬೊಟ್ಟುಗಳನ್ನು ನೋಡುತ್ತ ಗಿರಣಿಯ ತನಕ ನಡೆದು ಹೋದರು. ಮತ್ತೆ ನೋಡುತ್ತ ವಾಪಸ್ ಬಂದರು.  ಬೇಕರಿಯವನು ಅರ್ಧ ಕೊಯ್ದ ಬ್ರೆಡ್ಡನ್ನು ಹಾಗೇ ಬಿಟ್ಟು ಬಂದು ನಿಂತಿದ್ದ.

"ಏನ್ರೀ ಮೇಸ್ತ್ರಿ ಇದು?"

ಮೇಸ್ತ್ರಿ ತಲೆಯ ಟವೆಲ್ಲು ಬಿಚ್ಚಿ ಕೈಯಲ್ಲಿ ಹಿಡಿದರು. "ನಡೆಸ್ಕೊಂಡು ಬಂದೆ ಸಾರ್."

"ಯಾರು ಹೇಳಿದ್ದು?"

ಅವರು ನನ್ನ ಕಡೆ ನೋಡಲೇ ಇಲ್ಲ. ನನ್ನ ಕಡೆ ಬೆರಳು ತೋರಿಸಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. "ಯಾರೂ ಇಲ್ಲ ಸಾರ್. ನಂದೇ ಕೈ" ಎಂದರು. ನಾಲ್ಕು ಹೆಣ್ಣುಮಕ್ಕಳ ತಂದೆ, ಪಿಂಚಣಿಯ ಹೊಸ್ತಿಲಲ್ಲಿ ನಿಂತು ಹೇಳಿದ ಮಾತು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರಿನ ಬದಿಗೆ ಬಸ್ಸು ಬಂತು.

ಸೊಪ್ಪಿನಜ್ಜಿ ಇಳಿದಳು. ಕುಕ್ಕೆ ತಲೆಗೇರಿಸಿದಳು. ಹೊಸ ಟಾರಿನ ಮೇಲೆ ಗಾಡಿಗಳು ಮೊದಲಿಗಿಂತ ಜೋರಾಗಿ ಓಡುತ್ತಿದ್ದವು. ಅಜ್ಜಿ ಕತ್ತು ನೆಟ್ಟಗಿಟ್ಟುಕೊಂಡು ನೇರ ಇಳಿದೇಬಿಟ್ಟಳು. ಎಡಗಡೆಯಿಂದ ಲಾರಿ! ಮೇಸ್ತ್ರಿ ಕುಂಚವನ್ನೂ ಟವೆಲ್ಲನ್ನೂ ಎತ್ತಿ ಬೀಸುತ್ತ ನಡುರಸ್ತೆಗೆ ಹಾರಿದರು. ಲಾರಿ ಕಿರ್ರೆಂದು ನಿಂತಿತು, ಡ್ರೈವರು ತಮಿಳಿನಲ್ಲಿ ಬೈದ, ಮೇಸ್ತ್ರಿ ಉರ್ದುವಿನಲ್ಲಿ ಬೈದರು. ಅಜ್ಜಿ ಇಬ್ಬರನ್ನೂ ಕೇಳಿಸಿಕೊಳ್ಳದೆ ಈ ಬದಿಗೆ ಬಂದು, ಇಂಜಿನಿಯರನ್ನೇ ಕರೆದು, "ಏನಪ್ಪಾ, ಒಂದೀಟು ಕುಕ್ಕೆ ಇಳಿಸ್ಕೊಡು" ಎಂದಳು. ಅವರು ನಕ್ಷೆಯನ್ನು ನನ್ನ ಕೈಗೆ ಕೊಟ್ಟು ಕುಕ್ಕೆ ಇಳಿಸಿದರು. ಅದರ ಭಾರಕ್ಕೆ ಅವರ ಮುಖವೇ ಬದಲಾಯಿತು.

ಬಸ್ ಸ್ಟಾಪನ್ನೂ ಕಲ್ಲಿನ ಮೇಲಿನ ಕೊನೆಯ ಬೊಟ್ಟನ್ನೂ ನೋಡಿದರು. ಆಮೇಲೆ ಕೇಳಿದರು, "ಇನ್ನೂ ಎಷ್ಟು ದೂರ ಹೋಗ್ಬೇಕಿತ್ರೀ ಇದು?"

"ಇನ್ನು ಒಂದೇ ಅಂಗಡಿ ಸಾರ್," ಎಂದರು ಮೇಸ್ತ್ರಿ, ನೆಲ ನೋಡುತ್ತ.

"ಅದಾಗಲ್ಲ. ಕೊನೇ ಗುರುತು ಬೇಕರಿ ಮುಂದೆ ಇದೆ. ಅದರ ಮೇಲೆ ಬಳೀರಿ, ರಿಪೇರಿ ಅಂತ ನಾನೂ ಹೇಳ್ತೀನಿ. ಅದರಿಂದಾಚೆ ಒಂದಂಗುಲ ಹೋದ್ರೂ ನನ್ನ ಕೈಲಿ ಆಗಲ್ಲ. ಆ ಹಳೇ ಬೊಟ್ಟುಗಳನ್ನ ಕೆರೆದು ಹಾಕಿ ಮೊದಲು."

ಮೇಸ್ತ್ರಿ ಕಣ್ಣೊರೆಸಿಕೊಂಡರು. ಆದರೆ ನಾನು ವ್ಯಾಪಾರದವಳು. ಒಂದು ಅಂಗಡಿಯಷ್ಟು ದೂರ ಉಳಿಯಿತಲ್ಲ ಎಂದೇ ನನ್ನ ತಲೆ ಓಡುತ್ತಿತ್ತು. ಆ ಒಂದು ಅಂಗಡಿಯಷ್ಟು ದೂರಕ್ಕೆ ಅಜ್ಜಿ ಹೊರೆ ಹೊತ್ತು ಹೋಗುವವಳಲ್ಲ. ಪಟ್ಟೆ ಬರುವುದಿಲ್ಲ ಎಂದರೆ... ಬಸ್ ಸ್ಟಾಪೇ ಪಟ್ಟೆಯ ಹತ್ತಿರ ಹೋಗಬಹುದಲ್ಲ! ಚೌಕಾಸಿಯಲ್ಲಿ ಒಬ್ಬರೇ ಇಳಿದರೆ ಅದು ಸೋಲು, ಇಬ್ಬರೂ ಒಂದಿಷ್ಟು ಸರಿದರೆ ಅದು ಒಪ್ಪಂದ. ಬಸ್ ಸ್ಟಾಪ್ ಎಂದರೆ ಆಗ ಏನಿತ್ತು? ಸಿಮೆಂಟು ತುಂಬಿದ ಡಬ್ಬದಲ್ಲಿ ನಿಂತ ಕಬ್ಬಿಣದ ಕಂಬ, ಅದರ ತುದಿಗೊಂದು ಬೋರ್ಡು. ಈ ಬದಿಗೊಂದು, ಆ ಬದಿಗೊಂದು.

"ಸಾರ್, ಕಾಫಿ ಕುಡೀತೀರಾ? ಬೇಕರಿ ಒಳಗೆ ಕೂತ್ಕೊಳ್ಳಿ. ಬಿಸಿಲು" ಎಂದೆ.

ಅವರು ನನ್ನನ್ನೂ ಕಂಬವನ್ನೂ ಒಮ್ಮೆ ನೋಡಿದರು. "ಸ್ವಲ್ಪ ನಿಧಾನವಾಗಿ ಕುಡೀತೀನಿ" ಎಂದು ಒಳಗೆ ಹೋಗಿ, ರಸ್ತೆಗೆ ಬೆನ್ನು ಹಾಕಿ ಕೂತರು.

ಆಮೇಲೆ ನಡೆದದ್ದು ಹಬ್ಬ! ಸೈಕಲ್ ಶಾಪಿನವನು, ಆಟೋದವರು, ಗ್ಯಾಂಗಿನವರು, ಎಲ್ಲ ಸೇರಿ ಕಂಬವನ್ನು ಓರೆ ಮಾಡಿ ಡಬ್ಬವನ್ನು ಗುಡುಗುಡು ಉರುಳಿಸಿಕೊಂಡು ಹೋದರು. "ಐಸಾ! ಐಸಾ!" ಎಂದು ಮೇಸ್ತ್ರಿಯ ಕೂಗು. ಈ ಬದಿಯದು ಮುಗಿಸಿ ಆ ಬದಿಗೆ ಓಡಿದರು. ಬಸ್ಸಿಗೆ ಕಾಯುತ್ತಿದ್ದವರು ಮೊದಲು ಬೆಪ್ಪಾಗಿ ನೋಡಿದರು, ಆಮೇಲೆ ಕಂಬದ ಹಿಂದೆಯೇ ಕ್ಯೂ ಸಮೇತ ನಡೆದು ಬಂದರು! ಬೇಕರಿಯವನ ಬಾಯಿ ಕಿವಿಯ ತನಕ ಅಗಲವಾಗಿತ್ತು. ಬಸ್ ಸ್ಟಾಪು, ಪಟ್ಟೆ ಎರಡೂ ಅವನ ಬಾಗಿಲಿಗೇ ಬಂದವಲ್ಲ. ನನಗೆ ನಷ್ಟವೇ ಎಂದುಕೊಳ್ಳಬೇಡಿ, ಪಕ್ಕದಂಗಡಿಗೆ ಬಂದ ಜನ ನನ್ನ ಅಂಗಡಿಗೆ ಬರದೆ ಎಲ್ಲಿಗೆ ಹೋಗುತ್ತಾರೆ? ಮುಂದಿನ ಬಸ್ಸು ಬಂತು. ಡ್ರೈವರು ಕಂಬ ಎಲ್ಲಿದೆಯೋ ಅಲ್ಲೇ ನಿಲ್ಲಿಸಿದ. ಒಂದು ಮಾತೂ ಕೇಳಲಿಲ್ಲ.

ಮೇಸ್ತ್ರಿ ಆವತ್ತು ಬಳಿದಂಥ ಪಟ್ಟೆ ಮತ್ತೆ ಎಲ್ಲೂ ನೋಡಲಿಲ್ಲ. ಹೊಸ ಕಪ್ಪು ಟಾರಿನ ಮೇಲೆ ಬೆಳ್ಳನೆ ಬಿಳುಪು, ಕಣ್ಣು ಕೋರೈಸುವಂತೆ. ಒಣಗುವ ತನಕ ತಾವೇ ನಡುವೆ ಕೋಲು ಹಿಡಿದು ನಿಂತಿದ್ದರು. ಮಧ್ಯಾಹ್ನ ಸೊಪ್ಪೆಲ್ಲ ಮಾರಿ ಖಾಲಿ ಕುಕ್ಕೆ ಹಿಡಿದು ಅಜ್ಜಿ ಎದುರಿನ ಅಂಗಡಿಯಿಂದ ಎಲೆ ಅಡಿಕೆ ತರಲು ಹೊರಟಳು. ಕೊಂಬೆ, ಕಲ್ಲು ತೆಗೆದರು. ಎಲ್ಲರೂ ಕಾದು ನಿಂತೆವು. ಅಜ್ಜಿ ಪಟ್ಟೆಯ ಹತ್ತಿರ ಬಂದಳು, ನಿಂತಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಟ್ಟೆಯನ್ನು ಬಿಟ್ಟು ಪಕ್ಕದಿಂದ ದಾಟತೊಡಗಿದಳು!

"ಅಜ್ಜೀ! ಪಟ್ಟೆ ಮೇಲೆ! ಪಟ್ಟೆ ಮೇಲೆ ಬರ್ರೀ!" ಮೇಸ್ತ್ರಿ ಕಿರುಚಿದರು.

"ರಂಗೋಲಿ ಅಂಗೆ ಇಕ್ಕಿದ್ದೀಯ, ತುಳೀಲಾ ಅದನ್ನ? ಪಾಪ ಬರಾಕಿಲ್ವಾ?"

"ತುಳೀರಿ ಅಜ್ಜೀ! ತುಳೀರಿ! ತುಳಿಯೋಕೇ ಬಳಿದಿದ್ದು ಅದನ್ನ!"

ಮೇಸ್ತ್ರಿ ಅಜ್ಜಿಯ ಕೈ ಹಿಡಿದು, ತಾವೇ ಮೊದಲ ಪಟ್ಟೆಯ ಮೇಲೆ ಹೆಜ್ಜೆ ಇಟ್ಟು ತೋರಿಸಿದರು. ಅಜ್ಜಿ ಬಗ್ಗಿ ಪಟ್ಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ತುಳಿದಳು. ಆ ಬದಿ ಈ ಬದಿ ಗಾಡಿಗಳು ನಿಂತವು. ನಿಜಕ್ಕೂ ನಿಂತವು! ಚೌಕಳಿ ಲುಂಗಿ, ಹಸಿರು ಸೀರೆ, ಖಾಲಿ ಕುಕ್ಕೆ... ಇಬ್ಬರೂ ಆ ಬದಿ ಸೇರುವ ತನಕ ನಾನು ನೋಡುತ್ತಲೇ ನಿಂತಿದ್ದೆ.

ಮೇಸ್ತ್ರಿಗೆ ಪಿಂಚಣಿ ಬಂತು. ನಿವೃತ್ತಿಯಾದ ಮೇಲೆ ಶಿವಾಜಿನಗರದ ಕಡೆ ಮಗಳ ಮನೆಯಲ್ಲಿದ್ದರು. ಆಗಾಗ ಬರುತ್ತಿದ್ದರು. ಕೊನೆಯ ಸಲ ಬಂದಾಗ ಕಣ್ಣು ಮಂಜಾಗಿತ್ತು. "ಹೆಂಗೈತೆ ಅಮ್ಮಾ ಪಟ್ಟೆ?" ಎಂದು ಕೇಳಿದರು. ವಯಸ್ಸಾದವರು, ಚೆನ್ನಾಗಿದೆ ಎಂದುಬಿಡಬಹುದಿತ್ತು. ಆದರೆ ನಮ್ಮಿಬ್ಬರ ನಡುವೆ ಅಂಥ ಮಾತು ನಡೆಯುತ್ತಿರಲಿಲ್ಲ. "ಪೂರ್ತಿ ಮಾಸಿದೆ ಮೇಸ್ತ್ರಿ, ಈ ವರ್ಷ ಯಾರೂ ಬಂದಿಲ್ಲ" ಎಂದೆ. ಕೊಟ್ಟ ಚಹಾ ಅಲ್ಲೇ ಇಟ್ಟು ಎದ್ದರು. ಕೊಡೆ ಊರಿಕೊಂಡು ನೇರ ವಾರ್ಡ್ ಆಫೀಸಿಗೆ ಹೋದರು. ಅಲ್ಲಿ ಏನು ಬೈದರೋ, ಯಾರನ್ನು ಬೈದರೋ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಬೆಳಗ್ಗೆಯೇ ಗ್ಯಾಂಗು ಬಂದು ಪಟ್ಟೆ ಬಳಿದು ಹೋಯಿತು! ಹೇಳೋಣವೆಂದು ಕಾದೆ. ಅವರು ಮತ್ತೆ ಬರಲಿಲ್ಲ. ರಂಜಾನ್ ಬಂತು, ಬಟ್ಟೆಗೆ ಮಗಳೊಬ್ಬಳೇ ಬಂದಳು. ಚೌಕಾಸಿ ಮಾಡದೆ, ಹೇಳಿದಷ್ಟು ಕೊಟ್ಟಳು. ಆಗಲೇ ನನಗೆ ಅರ್ಥವಾಯಿತು...

ಅಜ್ಜಿಯೂ ಹೋಗಿ ಬಹಳ ಕಾಲವಾಯಿತು. ತಣಿಸಂದ್ರದಲ್ಲಿ ಈಗ ಸೊಪ್ಪು ಬೆಳೆಯುವ ಜಾಗವೆಲ್ಲಿದೆ. ನಮ್ಮ ರಸ್ತೆಯ ಪಟ್ಟೆ ಈ ಮಳೆಗಾಲಕ್ಕೆ ಮತ್ತೆ ಮಾಸಿದೆ. ಶಾಲೆಯ ಹೆಣ್ಣುಮಕ್ಕಳು ಕೈ ಅಡ್ಡ ಹಿಡಿದುಕೊಂಡು ಓಡುತ್ತಾರೆ. ಮೊನ್ನೆ ಸೊಸೆಯಿಂದ ನಂಬರು ಹುಡುಕಿಸಿ ದೂರು ಕೊಡಲು ಫೋನು ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಯಾವುದೋ ಹುಡುಗಿಯ ಧ್ವನಿ ಹೇಳುತ್ತಲೇ ಹೋಯಿತು. ಎಲ್ಲವನ್ನೂ ಒತ್ತಿದೆ. ಆರು ಮೊಳ ಕೇಳಲು ನಾನು ಈಗಲೂ ತಯಾರು, ಮೂರಕ್ಕೆ ಒಪ್ಪಲೂ ತಯಾರು. ಆದರೆ "ಹುಚ್ಚಾ ನಿಮ್ಗೆ, ಒಂದು ಮೊಳ" ಎನ್ನಲು ಎದುರಿಗೆ ಒಬ್ಬ ಮನುಷ್ಯ ಬೇಕಲ್ಲ.